ಗುಂಯ್, ಟಿಕ್, ಚಟ್: ಮಲೆನಾಡಿನ ಮನೆ ಸ್ಟುಡಿಯೊ ಕಂಪ್ಯೂಟರಿನ ದೋಷ ಹುಡುಕುವ ಬಗೆ

"ರೆಕಾರ್ಡಿಂಗಲ್ಲಿ ಏನೋ ಸದ್ದು ಬರ್ತದೆ ಮಾರಾಯ್ರೆ, ಕಂಪ್ಯೂಟರೇ ಬದಲಿಸೋದಾ?" ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಬರುವ ಫೋನು ಹೆಚ್ಚುಕಡಿಮೆ ಹೀಗೇ ಶುರುವಾಗುತ್ತದೆ. ನಾನು ತಿರುಗಿ ಕೇಳುವುದು ಸದ್ದು ಯಾವ ತಿಂಗಳು ಶುರುವಾಯಿತು ಎಂದು. ಪ್ರೊಸೆಸರ್, ರ್‍ಯಾಮ್ ವಿಚಾರ ಆಮೇಲೆ. ಆರಿದ್ರಾ ಮಳೆ ಹಿಡಿದ ಮೇಲೆ ಶುರುವಾಗಿದ್ದರೆ ಹುಡುಕುವ ದಾರಿ ಒಂದು, ಅಡಿಕೆ ಸುಲಿಯುವ ಕಾಲಕ್ಕೆ ಶುರುವಾಗಿದ್ದರೆ ಇನ್ನೊಂದು, ಏಪ್ರಿಲ್ ಬಿಸಿಲಿಗೆ ಶುರುವಾಗಿದ್ದರೆ ಮತ್ತೊಂದು. ಹಾಡು, ಭಾಗವತಿಕೆ, ಕೊಳಲು ಅಂತ ಮನೆಯಲ್ಲೇ ಧ್ವನಿಮುದ್ರಣ ಮಾಡಿಕೊಳ್ಳುವವರಿಗೆ ಕಂಪ್ಯೂಟರ್ ಜೋಡಿಸಿ ಕೊಟ್ಟ ಅನುಭವದಲ್ಲಿ ಹೇಳುವುದಾದರೆ, ನಮ್ಮ ಕಡೆ ಕಂಪ್ಯೂಟರಿನ ಮೇಲೆ ಬರುವ ದೂರುಗಳಲ್ಲಿ ಬಹುಪಾಲು ಮನೆಯ ವಯರಿಂಗ್, ಥಂಡಿ, ಇನ್ವರ್ಟರ್ ಈ ಮೂರರಲ್ಲಿ ಒಂದಕ್ಕೆ ಹೋಗಿ ಮುಟ್ಟುತ್ತವೆ. ಹಾಗಾಗಿ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ.

ಮೊದಲು ಸದ್ದು ಎಲ್ಲಿದೆ ಎಂದು ಗೊತ್ತುಮಾಡಿಕೊಳ್ಳಿ

ಮಳೆ ಬಿಟ್ಟ ಒಂದು ರಾತ್ರಿ, ಮನೆಯವರು ಮಲಗಿದ ಮೇಲೆ, ಅರ್ಧರ್ಧ ನಿಮಿಷದ ಎರಡು ರೆಕಾರ್ಡಿಂಗ್ ಮಾಡಿ. ಮೊದಲನೆಯದಕ್ಕೆ ಮೈಕ್ ಎಂದಿನ ಜಾಗದಲ್ಲಿ, ಎಂದಿನ ಗೇನ್‌ನಲ್ಲಿ (ಮೈಕಿನ ದನಿಯನ್ನು ಎಷ್ಟು ಹಿಗ್ಗಿಸಬೇಕೆಂಬ ಅಳತೆ) ಇರಲಿ. ಯಾರೂ ಹಾಡಬಾರದು, ಮಾತಾಡಬಾರದು. ಎರಡನೆಯದಕ್ಕೆ ಕಂಡೆನ್ಸರ್ ಮೈಕಿಗೆ ಕೇಬಲಿನಲ್ಲೇ ಹೋಗುವ 48 ವೋಲ್ಟ್ ಫ್ಯಾಂಟಮ್ ಪವರ್ ಆರಿಸಿ, ಮೈಕಿನ ಕೇಬಲನ್ನು ಇಂಟರ್‌ಫೇಸಿನಿಂದ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಕಿತ್ತುಬಿಡಿ, ಗೇನ್ ಮುಟ್ಟಬೇಡಿ. ಎರಡನ್ನೂ ಹೆಡ್‌ಫೋನಿನಲ್ಲಿ ಕೇಳಿ.

ಮೊದಲನೆಯದರಲ್ಲಿ ಸದ್ದಿದ್ದು ಎರಡನೆಯದರಲ್ಲಿ ಇಲ್ಲದಿದ್ದರೆ ಅದು ಕೋಣೆಯ ಗಾಳಿಯಿಂದ ಬರುತ್ತಿದೆ, ಇಲ್ಲವೇ ಮೈಕ್ ಮತ್ತು ಅದರ ಕೇಬಲಿನದು. ಎರಡರಲ್ಲೂ ಇದ್ದರೆ ವಿದ್ಯುತ್ತಿನ ದಾರಿಯಿಂದ ನುಸುಳುತ್ತಿದೆ. ಎರಡರಲ್ಲೂ ಇಲ್ಲ, ಹೆಡ್‌ಫೋನಿನಲ್ಲೂ ಇಲ್ಲ, ಸ್ಪೀಕರಿನಲ್ಲಿ ಮಾತ್ರ ಇದೆ ಎಂದಾದರೆ ರೆಕಾರ್ಡಿಂಗ್ ಚೊಕ್ಕವಾಗಿಯೇ ಇದೆ, ಸ್ಪೀಕರಿಗೆ ಹೋಗುವ ತಂತಿಯಲ್ಲಿ ಅರ್ಥಿಂಗ್ ಗೊಂದಲವಿದೆ. ಒಂದೇ ಸಮ ಕೇಳದೆ ಆಗೊಮ್ಮೆ ಈಗೊಮ್ಮೆ 'ಚಟ್' ಎಂದು ಸಿಡಿದರೆ, ಅದೂ ಹಾಡು ನುಡಿಸುವಾಗ ಹೆಚ್ಚಾದರೆ, ಆಗ ಮಾತ್ರ ಕಂಪ್ಯೂಟರಿನ ಒಳಗಿನ ಲೆಕ್ಕಾಚಾರದ ಮೇಲೆ ಅನುಮಾನ ಪಡಬೇಕು.

ಇಷ್ಟು ಮಾಡದೆ ಬಿಡಿಭಾಗ ಬದಲಿಸಲು ಹೊರಟವರು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆ), ಫ್ಯಾನು, ಕೊನೆಗೆ ಇಂಟರ್‌ಫೇಸನ್ನೂ ಬದಲಿಸಿ, ಸದ್ದು ಮಾತ್ರ ಹಾಗೇ ಉಳಿಸಿಕೊಂಡಿರುವುದುಂಟು.

ಗುಂಯ್ ಎನ್ನುವ ಸದ್ದಿಗೆ ಶ್ರುತಿ ಇದೆ

ಸಂಗೀತ ಗೊತ್ತಿದ್ದವರಿಗೆ ಇಲ್ಲೊಂದು ಅನುಕೂಲ. ಗುಂಯ್‌ಗುಡುವ ಸದ್ದಿನ ಶ್ರುತಿ ಹಿಡಿದರೆ ಅರ್ಧ ಪತ್ತೆ ಆದಂತೆ. ಮೊಬೈಲಿನ ಟ್ಯೂನರ್ ಆ್ಯಪ್ ಸಾಕು, ಡಿಎಡಬ್ಲ್ಯೂ (ರೆಕಾರ್ಡಿಂಗ್ ತಂತ್ರಾಂಶ) ಒಳಗಿನ ಸ್ಪೆಕ್ಟ್ರಮ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು.

ನಮ್ಮ ಕರೆಂಟು 50 ಹರ್ಟ್ಸ್. ಅದನ್ನು ಡಿಸಿ ಮಾಡುವಾಗ ಉಳಿಯುವ ಅಲೆ 100 ಹರ್ಟ್ಸ್. ಬಿಳಿ ಐದರ (ಹಾರ್ಮೋನಿಯಂನ ಐದನೇ ಬಿಳಿ ಮನೆ, ಇಂಗ್ಲಿಷಿನ 'ಜಿ') ಮಂದ್ರ ಷಡ್ಜ 98 ಹರ್ಟ್ಸ್. ಅಂದರೆ ಕರೆಂಟಿನ ಗುಂಯ್ ಬಿಳಿ ಐದಕ್ಕಿಂತ ಒಂದು ಕೂದಲು ಮೇಲೆ ಕೂರುತ್ತದೆ; ಟ್ಯೂನರಿನಲ್ಲಿ 'ಜಿ' ಎಂದು ತೋರಿಸಿ ಮುಳ್ಳು ಸುಮಾರು 35 ಸೆಂಟ್ಸ್ (ಪಕ್ಕಪಕ್ಕದ ಎರಡು ಸ್ವರಗಳ ನಡುವೆ ನೂರು ಸೆಂಟ್ಸ್) ಬಲಕ್ಕೆ ನಿಂತಿರುತ್ತದೆ. ಬಿಳಿ ಐದರಲ್ಲಿ ತಂಬೂರಿ ಇಟ್ಟು ಹಾಡುವವರಿಗೆ ಈ ಗುಂಯ್ ಸೇರಿಕೊಂಡರೆ ಸೆಕೆಂಡಿಗೆ ಎರಡು ಸಲ ತಂಬೂರಿಯೇ ತೂಗಿದ ಹಾಗೆ ಕೇಳುತ್ತದೆ. ಅಂಥವರು ತಂಬೂರಿಯ ಆ್ಯಪ್ ಸರಿಯಿಲ್ಲ ಎಂದುಕೊಳ್ಳುತ್ತಾರೆ.

7200 ಆರ್‌ಪಿಎಂ ಹಾರ್ಡ್‌ಡಿಸ್ಕ್ ತಿರುಗಿದರೆ 120 ಹರ್ಟ್ಸ್, ಅಂದರೆ ಎ ಶಾರ್ಪ್ ಮತ್ತು ಬಿ ನಡುವೆ. 5400ರದ್ದು 90 ಹರ್ಟ್ಸ್, ಎಫ್ ಮತ್ತು ಎಫ್ ಶಾರ್ಪ್ ನಡುವೆ. ಹಾಗಾಗಿ ಮುಳ್ಳು ಎರಡು ಸ್ವರಗಳ ನಟ್ಟನಡುವೆ ಅಲುಗಾಡದೆ ನಿಂತರೆ ಡಿಸ್ಕಿನ ನಡುಕ ಮೇಜಿನ ಮೂಲಕ ಮೈಕ್ ಸ್ಟ್ಯಾಂಡಿಗೆ ಏರುತ್ತಿದೆ ಎಂದು ತಿಳಿಯಬಹುದು. ಹಲಸಿನ ಹಲಗೆಯ ಹಳೇ ಮೇಜಿನ ಮೇಲೆ ಕ್ಯಾಬಿನೆಟ್ ಇಟ್ಟಿದ್ದರಂತೂ ಮೇಜೇ ಕೂಗುತ್ತದೆ. ಕ್ಯಾಬಿನೆಟನ್ನು ಎರಡೂ ಕೈಯಲ್ಲಿ ಒಂದಿಂಚು ಎತ್ತಿ ಹಿಡಿಯಿರಿ, ಆದರೆ ಡಿಸ್ಕ್ ತಿರುಗುತ್ತಿರುವಾಗ ಕುಲುಕಬೇಡಿ. ಸದ್ದು ಇಳಿದರೆ ಕಾರಣ ಸಿಕ್ಕಿತು. ರಬ್ಬರ್ ಕಾಲು ಹಾಕಿದರೆ ಕಡಿಮೆಯಾಗುತ್ತದೆ. ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಪೂರಾ ಹೋಗುತ್ತದೆ. ಎಸ್‌ಎಸ್‌ಡಿ ದರ ಇಳಿದ ಮೇಲೂ ಸ್ಟುಡಿಯೊ ಯಂತ್ರದೊಳಗೆ ತಿರುಗುವ ಡಿಸ್ಕ್ ಉಳಿಸಿಕೊಳ್ಳುವುದಕ್ಕೆ ಕಾರಣವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಬ್ಯಾಕಪ್ಪಿಗೆ ಬೇಕಿದ್ದರೆ ಹೊರಗಿನಿಂದ ಸಿಕ್ಕಿಸಿ ತೆಗೆಯುವುದು ಇರಲಿ.

ಶ್ರುತಿ ಏರುತ್ತ ಇಳಿಯುತ್ತ ಇದ್ದರೆ ಫ್ಯಾನು. ಯಾವ ಫ್ಯಾನು ಎಂದು ಗೊತ್ತಾಗದಿದ್ದರೆ ತೋಟಕ್ಕೆ ನೀರು ಬಿಡುವ ಪೈಪಿನ ಒಂದು ಗೇಣು ತುಂಡನ್ನು ಕಿವಿಗಿಟ್ಟು ಇನ್ನೊಂದು ತುದಿಯನ್ನು ಒಂದೊಂದರ ಹತ್ತಿರ ಹಿಡಿಯಿರಿ. ಚಿಕ್ಕ ಫ್ಯಾನು ಜೋರಾಗಿ ತಿರುಗುವುದಕ್ಕಿಂತ 140 ಮಿ.ಮೀ. ಫ್ಯಾನು 500–700 ಆರ್‌ಪಿಎಂನಲ್ಲಿ ನಿಧಾನ ತಿರುಗುವುದು ಯಾವತ್ತೂ ಲೇಸು. ಬಯಾಸ್‌ನ (ಕಂಪ್ಯೂಟರ್ ಆನ್ ಆಗುವಾಗ ಒಳಹೋಗುವ ಮೂಲ ಸೆಟ್ಟಿಂಗಿನ ತೆರೆ) ಫ್ಯಾನ್ ಸೆಟ್ಟಿಂಗಿನಲ್ಲಿ ತಾಪ ಒಂದು ಡಿಗ್ರಿ ಏರಿದ ಕೂಡಲೇ ವೇಗ ಏರದಂತೆ ಕೆಲವು ಸೆಕೆಂಡ್ ತಡ ಇಡಿ. ಒಂದೇ ಸಮ ಕೇಳುವ ಮೆಲು ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ, ಏರಿಳಿಯುವ ಸದ್ದಿಗೆ ಒಗ್ಗುವುದಿಲ್ಲ, ಕೇಳುಗರಿಗೂ ಅಷ್ಟೆ.

ಇನ್ನು ಕೀರಲು ದನಿ, ಮೌಸ್ ಸ್ಕ್ರಾಲ್ ಮಾಡಿದಾಗ ಬದಲಾಗುವಂಥದ್ದು. ಇದು ಎರಡು ಬಗೆ. ಕ್ಯಾಬಿನೆಟಿಗೆ ಕಿವಿ ಕೊಟ್ಟಾಗ ಕೇಳಿದರೆ ಅದು ಗ್ರಾಫಿಕ್ಸ್ ಕಾರ್ಡ್ ಅಥವಾ ಮದರ್‌ಬೋರ್ಡಿನ ಕಾಯಿಲ್‌ಗಳ ಕೀರಲು. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಸಂಗೀತದ ಕೆಲಸಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ, ತೆಗೆದಿಡಿ. ಸದ್ದು, ಬಿಸಿ ಎರಡೂ ಒಟ್ಟಿಗೆ ಕಡಿಮೆ. ಸ್ಪೀಕರಿನಲ್ಲಿ ಮಾತ್ರ ಕೇಳಿದರೆ ಮುಂದಿನ ಭಾಗ ಓದಿ.

ಅರ್ಥಿಂಗ್: ಮೂರನೇ ಪಿನ್ನನ್ನು ಮುರಿಯಬೇಡಿ

ಕ್ಯಾಬಿನೆಟ್ ಅಥವಾ ಮೈಕಿನ ಲೋಹದ ಮೈ ಮುಟ್ಟಿದರೆ ಜುಂ ಎನ್ನುತ್ತದೆಯೇ? ಬರಿಗಾಲಿನಲ್ಲಿ ಸಿಮೆಂಟ್ ನೆಲದ ಮೇಲೆ ನಿಂತಾಗ ಹೆಚ್ಚೇ? ಹಾಗಿದ್ದರೆ ನಿಮ್ಮ ಸ್ವಿಚ್‌ಬೋರ್ಡಿಗೆ ಅರ್ಥಿಂಗ್ ಇಲ್ಲ, ಇದ್ದರೂ ಎಲ್ಲೋ ತುಂಡಾಗಿದೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಕ್ಯಾಬಿನೆಟಿನ ಲೋಹಕ್ಕೆ ಜೋಡಿಸಿರುತ್ತವೆ. ಅರ್ಥ್ ಇಲ್ಲದಿದ್ದಾಗ ಆ ಲೋಹ ಕರೆಂಟಿನ ಅರ್ಧ ವೋಲ್ಟೇಜಿನಲ್ಲಿ, ಅಂದರೆ 115ರ ಆಸುಪಾಸಿನಲ್ಲಿ ತೇಲುತ್ತಿರುತ್ತದೆ. ಹರಿಯುವ ಕರೆಂಟು ತೀರಾ ಸಣ್ಣದು, ಆದರೆ ರೆಕಾರ್ಡಿಂಗಿನಲ್ಲಿ ಗುಂಯ್ ತುಂಬಲು ಅಷ್ಟು ಸಾಕು. ಗುಂಯ್ ಕೇಳುತ್ತಿರುವಾಗ ಇಂಟರ್‌ಫೇಸಿನ ಲೋಹದ ಮೈಗೆ ಕೈ ಇಟ್ಟರೆ ಸದ್ದು ಬದಲಾಗುವುದೂ ಇದರದೇ ಗುರುತು.

ಮಲ್ಟಿಮೀಟರನ್ನು ಎಸಿ ವೋಲ್ಟೇಜಿಗೆ ಇಟ್ಟು ನೋಡುವುದು ಹೀಗೆ. ಫೇಸ್–ನ್ಯೂಟ್ರಲ್ 230 ತೋರಿಸಿದರೆ ಫೇಸ್–ಅರ್ಥ್ ಕೂಡ ಹೆಚ್ಚುಕಡಿಮೆ ಅಷ್ಟೇ ತೋರಿಸಬೇಕು. ನ್ಯೂಟ್ರಲ್–ಅರ್ಥ್ ಒಂದೆರಡು ವೋಲ್ಟ್ ಒಳಗಿರಬೇಕು. ಅದು ಐದು ದಾಟಿದರೆ, ಅಥವಾ ಫೇಸ್–ಅರ್ಥ್ ನೂರರ ಹತ್ತಿರ ಎಲ್ಲೆಲ್ಲೋ ಅಲೆಯುತ್ತಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಯುವ ಹೊತ್ತು. ಮೀಟರ್ ಸರಿ ತೋರಿಸಿತೆಂದು ಪೂರ್ತಿ ನಂಬುವಂತಿಲ್ಲ. ಹಿಡಿತವಿಲ್ಲದ ಅರ್ಥ್ ಕೂಡ ಮೀಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಫೇಸ್–ಅರ್ಥ್ ನಡುವೆ ನೂರು ವ್ಯಾಟ್ ಬಲ್ಬ್ ಹಾಕಿ ಅದು ಪೂರ್ತಿ ಉರಿಯುತ್ತದೆಯೇ ಎಂದು ಎಲೆಕ್ಟ್ರಿಷಿಯನ್ನರು ನೋಡುತ್ತಾರೆ. ಆ ಪರೀಕ್ಷೆ ಅವರೇ ಮಾಡಲಿ. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟು ಅರ್ಥಿಗೆ ಸೋರಿದರೆ ತಾನೇ ಆರುವ ಸ್ವಿಚ್) ಇದ್ದರೆ ಅದು ಟ್ರಿಪ್ ಆಗುತ್ತದೆ, ಗಾಬರಿ ಬೇಡ.

ಇಲ್ಲೂ ತಿಂಗಳು ನೋಡಬೇಕು. ಜಂಬಿಟ್ಟಿಗೆ ಕಲ್ಲಿನ ನೆಲ ಮಳೆಗಾಲದಲ್ಲಿ ಕೆಸರು, ಏಪ್ರಿಲ್ ಹೊತ್ತಿಗೆ ಒಣಗಿ ಕಲ್ಲು. ಜುಲೈನಲ್ಲಿ ಸುಮ್ಮನಿದ್ದ ಗುಂಯ್ ಬೇಸಿಗೆಯಲ್ಲಿ ಎದ್ದರೆ ಅರ್ಥ್ ಗುಂಡಿ ಒಣಗಿದೆ ಎಂದು ಲೆಕ್ಕ. ಉಪ್ಪು–ಇದ್ದಿಲು ತುಂಬಿ ಮಾಡಿದ ಹಳೇ ಗುಂಡಿಯಾದರೆ ಬೇಸಿಗೆ ಪೂರ್ತಿ ಅದಕ್ಕೆ ನೀರು ಹಾಕುತ್ತಿರಬೇಕು. ಹಿಂದಿನವರು ಬಚ್ಚಲು ನೀರು ಹರಿಯುವ ಕಡೆಯೇ ಗುಂಡಿ ತೋಡಿಸಿದ್ದು ಸುಮ್ಮನೆ ಅಲ್ಲ.

ಅರ್ಥಿಂಗ್ ಸರಿಯಿದ್ದೂ ಸ್ಪೀಕರಿನಲ್ಲಿ ಗುಂಯ್ ಅಥವಾ ಸ್ಕ್ರಾಲ್ ಕೀರಲು ಬಂದರೆ ಅದು ಗ್ರೌಂಡ್ ಲೂಪ್. ಕಂಪ್ಯೂಟರ್ ಒಂದು ಗೋಡೆಯ ಸಾಕೆಟ್ಟಿನಲ್ಲಿ, ಸ್ಪೀಕರ್ ಇನ್ನೊಂದು ಗೋಡೆಯದರಲ್ಲಿ ಇದ್ದಾಗ ಅರ್ಥಿಗೆ ಎರಡು ದಾರಿಯಾಗಿ, ಆ ಸುತ್ತಿನಲ್ಲಿ ಕರೆಂಟು ಓಡಾಡುತ್ತದೆ. ಲ್ಯಾಪ್‌ಟಾಪಿನವರು ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ: ಸದ್ದು ತಟ್ಟನೆ ನಿಂತರೆ ಇದೇ. ಎಲ್ಲವನ್ನೂ ಒಂದೇ ಸಾಕೆಟ್ಟಿನಿಂದ, ಒಂದೇ ಒಳ್ಳೆಯ ಎಕ್ಸ್‌ಟೆನ್ಶನ್ ಬೋರ್ಡಿನಿಂದ ಕೊಡಿ. ಕಂಪ್ಯೂಟರ್, ಇಂಟರ್‌ಫೇಸ್, ಎರಡು ಸ್ಪೀಕರ್ ಎಲ್ಲ ಸೇರಿದರೂ ಅದು ತಡೆಯುತ್ತದೆ. ಇಂಟರ್‌ಫೇಸಿನಿಂದ ಸ್ಪೀಕರಿಗೆ, ದಾರಿಯಲ್ಲಿ ನುಸುಳುವ ಸದ್ದನ್ನು ತಡೆಯುವ ಬ್ಯಾಲೆನ್ಸ್ಡ್ ಕೇಬಲ್ ಹಾಕಿ. ಜ್ಯಾಕಿನ ಮೇಲೆ ಒಂದು ಕಪ್ಪು ಪಟ್ಟಿ ಇದ್ದರೆ ಸಾದಾ, ಎರಡಿದ್ದರೆ ಬ್ಯಾಲೆನ್ಸ್ಡ್‌ಗೆ ಬೇಕಾದ್ದು. ಯುಎಸ್‌ಬಿ ಐಸೊಲೇಟರ್ (ಯುಎಸ್‌ಬಿ ತಂತಿಯಲ್ಲಿ ಅರ್ಥಿನ ದಾರಿ ಕಡಿಯುವ ಸಾಧನ) ಕೊಳ್ಳುವ ಮುನ್ನ ವೇಗ ನೋಡಿ. ಅಗ್ಗದವು ಸೆಕೆಂಡಿಗೆ 12 ಮೆಗಾಬಿಟ್ ಮಾತ್ರ ದಾಟಿಸುತ್ತವೆ, ಇಂದಿನ ಇಂಟರ್‌ಫೇಸುಗಳು ಕೇಳುವುದು 480.

ಪ್ಲಗ್ಗಿನ ದಪ್ಪ ಪಿನ್ ಮುರಿದರೆ ಸದ್ದು ಹೋಗುತ್ತದೆ ಎಂದು ಹೇಳುವವರು ಸಿಗುತ್ತಾರೆ. ಹೋಗುವುದು ನಿಜ. ಮುಂದೆ ಯಾವತ್ತಾದರೂ ಒಳಗೆ ಫೇಸ್ ತಗುಲಿದರೆ ಅರ್ಥಿಗೆ ಹರಿಯಬೇಕಾದ ಕರೆಂಟು ಮೈಕ್ ಹಿಡಿದವರ ಮೂಲಕ ಹರಿಯುತ್ತದೆ. ಅಂಥ ಪ್ಲಗ್ ಕಂಡರೆ ನಾನು ಆ ವಯರನ್ನೇ ಕತ್ತರಿಸಿ ಹಾಕುತ್ತೇನೆ.

ಟಿಕ್... ಟಿಕ್... ಟಿಕ್

ಈ ದೂರು ನಗರದವರಿಗೆ ಗೊತ್ತಿರಲಿಕ್ಕಿಲ್ಲ. ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ, ತಾಳ ಹಾಕಿದ ಹಾಗೆ ತಪ್ಪದೆ, ರಾತ್ರಿ ಮಾತ್ರ ಕೇಳುವ ಸಣ್ಣ 'ಟಿಕ್'. ಹಾಡಿನ ಲಯಕ್ಕೂ ಅದಕ್ಕೂ ಸಂಬಂಧವಿಲ್ಲ. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಡುವ ಧ್ವನಿಯ ಕಂತು) ಬದಲಿಸಿದರೂ ಇದೆ, ಇಂಟರ್‌ಫೇಸ್ ಬದಲಿಸಿದರೂ ಇದೆ. ಹೊರಗೆ ಹೋಗಿ ನೋಡಿದರೆ ತೋಟಕ್ಕೆ ಹಂದಿ, ಕಾಡುಕೋಣ ಬಾರದಂತೆ ಹಾಕಿದ ಸೋಲಾರ್ ಬೇಲಿ.

ಬೇಲಿಯ ಯಂತ್ರ ಸೆಕೆಂಡಿಗೆ ಒಂದರ ಆಸುಪಾಸಿನಲ್ಲಿ ಕೆಲವು ಸಾವಿರ ವೋಲ್ಟಿನ ಹೊಡೆತ ಕೊಡುತ್ತದೆ. ತಂತಿ ಚೊಕ್ಕವಾಗಿದ್ದರೆ ಸದ್ದು ಕಡಿಮೆ. ಮಳೆಗಾಲದಲ್ಲಿ ಕಳೆ ಬೆಳೆದು ಒದ್ದೆ ಎಲೆ ತಂತಿಗೆ ತಗುಲಿದ ಕಡೆ ಪ್ರತಿ ಹೊಡೆತಕ್ಕೂ ಕಿಡಿ ಹಾರುತ್ತದೆ, ಆ ಕಿಡಿ ರೇಡಿಯೊ ಅಲೆಯಾಗಿ ಉದ್ದದ ಮೈಕ್ ಕೇಬಲಿಗೆ ನುಸುಳುತ್ತದೆ. ಬೇಲಿಯ ಅರ್ಥ್ ಸರಳು ಮನೆಯ ಅರ್ಥ್ ಗುಂಡಿಗೆ ಹತ್ತಿರವಿದ್ದರಂತೂ ನೇರ ಒಳಗೇ ಬರುತ್ತದೆ.

ಪತ್ತೆ ಹಚ್ಚಲು ಹಳೇ ಪಾಕೆಟ್ ರೇಡಿಯೊದಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಮೀಡಿಯಂ ವೇವ್‌ಗೆ ಇಟ್ಟು, ಭದ್ರಾವತಿ ಆಕಾಶವಾಣಿಯ 675 ಕಿಲೊಹರ್ಟ್ಸ್‌ನಿಂದ ಸ್ವಲ್ಪ ಆಚೆ, ಯಾವ ಕೇಂದ್ರವೂ ಸಿಗದ ಜಾಗಕ್ಕೆ ತಿರುಗಿಸಿ ಬೇಲಿಯ ಗುಂಟ ನಡೆಯಿರಿ. ಟಿಕ್ ಜೋರಾಗುವ ಕಡೆಯೇ ಎಲೆಯೋ ಮುರಿದ ಇನ್ಸುಲೇಟರೋ ಇರುತ್ತದೆ. ಬೇಲಿ ಆರಿಸಿಯೇ ಕೈ ಹಾಕಿ, ಕಳೆ ಸವರಿ. ಬೇಲಿಯ ಅರ್ಥ್ ಮನೆಯ ಅರ್ಥಿನಿಂದ ಕಡಿಮೆಯೆಂದರೆ 10 ಮೀಟರ್ ದೂರ ಇರಬೇಕು; ಇಲ್ಲದಿದ್ದರೆ ಸರಿಸಿ ಹಾಕಿಸಿ. ಫ್ರಿಜ್ಜಿನ ರಿಲೇ, ಪಂಪಿನ ಸ್ಟಾರ್ಟರ್, ವೋಲ್ಟೇಜ್ ಸ್ಟೆಬಿಲೈಸರ್ ಇವನ್ನೂ ಅದೇ ರೇಡಿಯೊದಿಂದ ಹಿಡಿಯಬಹುದು, ಅವು ಲಯವಿಲ್ಲದೆ ಒಂದೊಂದು ಸಲ 'ಟಕ್' ಎನ್ನುತ್ತವೆ.

ಇದರ ತಮ್ಮನಂಥ ಇನ್ನೊಂದು ಸದ್ದು ಮೊಬೈಲಿನದು: 'ಡಿಟ್ಟಿಡಿ ಡಿಟ್ಟಿಡಿ' ಎಂಬ ಒರಟು ಝೇಂಕಾರ, 217 ಹರ್ಟ್ಸ್. ಟವರ್ ದೂರವಿರುವ ಹಳ್ಳಿಗಳಲ್ಲಿ ಫೋನು ಸಿಗ್ನಲ್ ಹುಡುಕಿಕೊಂಡು ಹಳೇ 2ಜಿಗೆ ಇಳಿದು, ಇರುವ ಶಕ್ತಿಯೆಲ್ಲ ಹಾಕಿ ಕೂಗುತ್ತದೆ. ಏರೋಪ್ಲೇನ್ ಮೋಡಿಗೆ ಹಾಕಿ ಇಲ್ಲವೇ ಜಗುಲಿಯಲ್ಲಿ ಬಿಟ್ಟು ಬನ್ನಿ, ಅಷ್ಟೆ.

ಥಂಡಿಯ ಕೆಲಸ

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ. ಸಾಗರ, ಹೊಸನಗರದಲ್ಲಿ ಅಷ್ಟಿಲ್ಲದಿದ್ದರೂ ಜುಲೈನಲ್ಲಿ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಆ ಗಾಳಿಯಲ್ಲಿ ಮೊದಲು ಬಳಲುವುದು ಕಂಡೆನ್ಸರ್ ಮೈಕ್. ಅದರ ಕ್ಯಾಪ್ಸೂಲ್ (ದನಿ ಹಿಡಿಯುವ ಪೊರೆ ಇರುವ ಭಾಗ) ನಡೆಯುವುದೇ ವಿದ್ಯುತ್ ಸೋರದೆ ನಿಲ್ಲುವುದರ ಮೇಲೆ. ತೇವ ಕೂತರೆ ಸೋರಿಕೆ ಶುರುವಾಗಿ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಸಿಡಿಯುತ್ತದೆ, ಒಮ್ಮೊಮ್ಮೆ ದನಿ ಮಂಕಾಗುತ್ತದೆ. ಕಂಪ್ಯೂಟರ್ ಚಟ್‌ಗೆ ಇದನ್ನು ಹೋಲಿಸಿ ಗೊಂದಲ ಮಾಡಿಕೊಳ್ಳುವುದು ಸಾಮಾನ್ಯ. ಬೇರ್ಪಡಿಸುವುದು ಸುಲಭ: ಅದೇ ಕೇಬಲಿಗೆ, ಅದೇ ಚಾನೆಲ್ಲಿಗೆ ಭಜನಾ ಮಂಡಳಿಯಲ್ಲಿ ಬಳಸುವಂಥ ಡೈನಮಿಕ್ ಮೈಕ್ ಹಾಕಿ. ಸದ್ದಿಲ್ಲದಿದ್ದರೆ ಕ್ಯಾಪ್ಸೂಲಿಗೆ ಥಂಡಿ.

ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲಗಳ ಜತೆ ಒಂದೆರಡು ರಾತ್ರಿ ಇಟ್ಟರೆ ಬಹಳಷ್ಟು ಸಲ ಸರಿಯಾಗುತ್ತದೆ. ಮಣಿಗಳು ಬಣ್ಣ ಬದಲಿಸಿದ ಮೇಲೆ ಹುರಿದು ಮತ್ತೆ ಬಳಸಬಹುದು. ನಮ್ಮ ಕಡೆ ಒಣಗಬೇಕಾದ್ದನ್ನೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವ ರೂಢಿ ಇದೆಯಲ್ಲ, ಮೈಕನ್ನು ಅಲ್ಲಿಗೆ ಕಳಿಸಬೇಡಿ. ಹೊಗೆಯ ಜಿಡ್ಡು ಪೊರೆಗೆ ಹಿಡಿದರೆ ತೆಗೆಯಲಾಗುವುದಿಲ್ಲ. ಹೇರ್ ಡ್ರೈಯರೂ ಬೇಡ.

ಕಂಪ್ಯೂಟರಿಗೆ ಥಂಡಿ ಹಿಡಿದ ಗುರುತು ಬೇರೆ. ವಾರಗಟ್ಟಲೆ ಮುಚ್ಚಿಟ್ಟು ಆನ್ ಮಾಡಿದರೆ ಫ್ಯಾನು ತಿರುಗುತ್ತದೆ, ತೆರೆ ಕಪ್ಪು. ಬಹುಮಟ್ಟಿಗೆ ರ್‍ಯಾಮಿನ ಕಾಲುಗಳಿಗೆ ಪದರ ಕಟ್ಟಿರುತ್ತದೆ. ಕರೆಂಟು ಕಿತ್ತು, ರ್‍ಯಾಮ್ ತೆಗೆದು, ಮಕ್ಕಳ ಬಿಳಿ ರಬ್ಬರಿನಿಂದ ಹಳದಿ ಕಾಲುಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಕೊಡವಿ ಕೂರಿಸಿ. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೊಂದು ಗಂಟೆ ಆನ್ ಇಡುವುದು ಎಲ್ಲ ರಿಪೇರಿಗಿಂತ ಅಗ್ಗ.

ಜೀವಿಗಳ ಕಾಟ ಇದಕ್ಕೆ ಸೇರಿದ್ದೇ. ಕುಂಬಾರ ಹುಳ ಬಳಸದ ಜ್ಯಾಕ್ ತೂತು, ಯುಎಸ್‌ಬಿ ಪೋರ್ಟುಗಳಲ್ಲಿ ಮಣ್ಣು ಮೆತ್ತುತ್ತದೆ. ಇರುವೆ ಎಸ್‌ಎಂಪಿಎಸ್ ಹೊಕ್ಕುತ್ತದೆ. ಎಸ್‌ಎಂಪಿಎಸ್ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟಿಗೂ ಹೆಚ್ಚು ನಿಂತಿರಬಹುದು. ತೂತುಗಳಿಗೆ ರಬ್ಬರ್ ಮುಚ್ಚಳ, ಗಾಳಿ ಹೊಗುವ ಕಡೆ ತೊಳೆಯಬಹುದಾದ ಜಾಲರಿ ಹಾಕಿ.

ಚಟ್: ಇದು ಕಂಪ್ಯೂಟರಿನದೇ

ರೆಕಾರ್ಡ್ ಆದ ಅಲೆಯನ್ನು ಚಟ್ ಎಂದ ಕಡೆ ಹಿಗ್ಗಿಸಿ ನೋಡಿ. ಅಲೆ ಇದ್ದಕ್ಕಿದ್ದಂತೆ ಕತ್ತರಿಸಿ, ಮುಂದೆ ಬೇರೆಲ್ಲಿಂದಲೋ ಶುರುವಾಗಿದ್ದರೆ ಕಂಪ್ಯೂಟರ್ ಸಮಯಕ್ಕೆ ಸರಿಯಾಗಿ ಧ್ವನಿಯ ಮಾದರಿಗಳನ್ನು (ಸ್ಯಾಂಪಲ್) ಒದಗಿಸಿಲ್ಲ. 48 ಕಿಲೊಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48 ಸಾವಿರ ಮಾದರಿಯ ದರದಲ್ಲಿ, 128 ಮಾದರಿಯ ಬಫರ್ ಎಂದರೆ ಪ್ರತಿ 2.67 ಮಿಲಿಸೆಕೆಂಡಿಗೆ ಒಂದು ಕಂತು ಸಿದ್ಧವಿರಬೇಕು. 512 ಆದರೆ 10.67. ಹಾಡುವಾಗ 128, ಮಿಕ್ಸ್ ಮಾಡುವಾಗ 512 ಅಥವಾ 1024 ಇಡಿ. ಬಫರ್ ಏರಿಸಿದೊಡನೆ ಚಟ್ ನಿಂತರೆ ಪ್ಲಗಿನ್ (ದನಿಗೆ ಪರಿಣಾಮ ಸೇರಿಸುವ ಪುಟ್ಟ ತಂತ್ರಾಂಶ) ಹೊರೆ ಜಾಸ್ತಿಯಾಗಿದೆ. ರೀಪರ್ ಎಂಬ ಡಿಎಡಬ್ಲ್ಯೂ ಬಳಸುವವರು ಪರ್ಫಾರ್ಮೆನ್ಸ್ ಮೀಟರಿನಲ್ಲಿ ಒಟ್ಟು ಸಿಪಿಯುಗಿಂತ 'ಆರ್‌ಟಿ ಸಿಪಿಯು' (ಧ್ವನಿಯನ್ನು ಹೊತ್ತಿಗೆ ಸರಿಯಾಗಿ ಒದಗಿಸುವ ಕೆಲಸದ ಹೊರೆ) ಅಂಕಿ ನೋಡಬೇಕು. ಒಟ್ಟು 20 ಇದ್ದೂ ಅದು ನೂರಕ್ಕೆ ಮುಟ್ಟಿದರೆ ಚಟ್ ಖಾಯಂ.

1024 ಇಟ್ಟರೂ ಚಟ್ ನಿಲ್ಲದಿದ್ದರೆ ಯಾವುದೋ ಡ್ರೈವರ್ ನಡುವೆ ಬಂದು ಪ್ರೊಸೆಸರನ್ನು ಹಿಡಿದು ನಿಲ್ಲಿಸುತ್ತಿದೆ. ವಿಂಡೋಸಿನಲ್ಲಿ ಲೇಟೆನ್ಸಿಮಾನ್ ಎಂಬ ತಂತ್ರಾಂಶ ಹತ್ತು ಹದಿನೈದು ನಿಮಿಷ ಓಡಿಸಿದರೆ ಅಪರಾಧಿಯ ಹೆಸರು ಹೇಳುತ್ತದೆ. ಹೆಚ್ಚಾಗಿ ಸಿಗುವುದು ವೈಫೈ. ಡಿವೈಸ್ ಮ್ಯಾನೇಜರಿನಲ್ಲಿ ಅದನ್ನು ಡಿಸೇಬಲ್ ಮಾಡಿ ಮತ್ತೆ ಓಡಿಸಿ. ಲ್ಯಾಪ್‌ಟಾಪುಗಳಲ್ಲಿ ಎಸಿಪಿಐ (ವಿದ್ಯುತ್ ನಿರ್ವಹಣೆಯ) ಡ್ರೈವರ್ ಸಿಕ್ಕಿಬಿದ್ದರೆ ಬ್ಯಾಟರಿ ವಿಚಾರಿಸುವ ಸಾಧನವನ್ನು ರೆಕಾರ್ಡಿಂಗ್ ಹೊತ್ತಿಗೆ ಡಿಸೇಬಲ್ ಮಾಡಿ. ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್‌ಗೆ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್. ಇಂಟರ್‌ಫೇಸ್ ತಯಾರಕರದೇ ಎಎಸ್‌ಐಒ (ಧ್ವನಿಯನ್ನು ತಡವಾಗದಂತೆ ದಾಟಿಸುವ) ಡ್ರೈವರ್ ಇರಲಿ, ಕೇಬಲ್ ಹಬ್ ಮೂಲಕ ಹೋಗದೆ ನೇರ ಮದರ್‌ಬೋರ್ಡಿಗೆ ಹೋಗಲಿ. ಬಯಾಸಿನ ಸಿ-ಸ್ಟೇಟ್ (ಬಿಡುವಿನಲ್ಲಿ ಪ್ರೊಸೆಸರ್ ಮಲಗುವ ವ್ಯವಸ್ಥೆ) ಆರಿಸುವುದು ಕೊನೆಯ ದಾರಿ, ಅದರಿಂದ ಬಿಸಿ ಹೆಚ್ಚಿ ಫ್ಯಾನು ಜೋರಾಗುತ್ತದೆ.

ಸೆಷನ್ ಶುರುವಾಗಿ ಅರ್ಧ ಗಂಟೆಯ ಮೇಲೆ ಚಟ್ ಶುರುವಾದರೆ ಬಿಸಿ. ಪ್ರೊಸೆಸರ್ 95–100 ಡಿಗ್ರಿ ಮುಟ್ಟಿದರೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಅಡಿಕೆ ಸುಲಿಯುವ ಮನೆಯಲ್ಲಿ ಸಿಪ್ಪೆಯ ನವಿರು ನಾರು, ಒಲೆಯ ಹೊಗೆ, ಥಂಡಿ ಮೂರೂ ಸೇರಿ ಹೀಟ್‌ಸಿಂಕಿನ ಸಂದುಗಳಲ್ಲಿ ಕಂಬಳಿ ಹಾಸುತ್ತವೆ. ಊದಿದರೆ ಹೋಗುವುದಿಲ್ಲ, ಬ್ರಷ್ಷಿನಿಂದ ಕೆರೆದೇ ತೆಗೆಯಬೇಕು. ಬ್ಲೋವರ್ ಬಿಡುವಾಗ ಫ್ಯಾನು ತಿರುಗದಂತೆ ಬೆರಳಿಟ್ಟು ಹಿಡಿಯಿರಿ. ಸದ್ದು ಕೇಳಬಾರದೆಂದು ಕಂಪ್ಯೂಟರನ್ನು ಮರದ ಕಪಾಟಿನಲ್ಲಿ ಮುಚ್ಚಿಡುವವರಿಗೂ ಇದೇ ಗತಿ. ಅದಕ್ಕಿಂತ ಗೋಡೆಯಾಚೆ, ಪಕ್ಕದ ಕೋಣೆಯಲ್ಲಿಡಿ. ಯುಎಸ್‌ಬಿ 2.0 ಕೇಬಲ್ 5 ಮೀಟರ್ ತನಕ ತೊಂದರೆಯಿಲ್ಲದೆ ಹೋಗುತ್ತದೆ. ಹಳೇ ಮನೆಯ ದಪ್ಪ ಮಣ್ಣುಗೋಡೆಗಿಂತ ಒಳ್ಳೆಯ ಸೌಂಡ್‌ಪ್ರೂಫಿಂಗ್ ದುಡ್ಡು ಕೊಟ್ಟರೂ ಸಿಗುವುದು ಕಷ್ಟ.

ಚಟ್ ಇಲ್ಲ, ಆದರೆ ಬಿಳಿ ಒಂದರಲ್ಲಿ ಹಾಡಿದ್ದು ಕರಿ ಒಂದನ್ನೂ ದಾಟಿ ಕೇಳುತ್ತಿದೆ, ಲಯವೂ ಚುರುಕಾಗಿದೆ ಎಂದರೆ 44.1 ಕಿಲೊಹರ್ಟ್ಸ್‌ನಲ್ಲಿ ರೆಕಾರ್ಡ್ ಆದದ್ದು 48ರಲ್ಲಿ ನುಡಿಯುತ್ತಿದೆ. ಯಂತ್ರಕ್ಕೆ ಏನೂ ಆಗಿಲ್ಲ. ಪ್ರಾಜೆಕ್ಟ್, ಇಂಟರ್‌ಫೇಸ್ ಎರಡನ್ನೂ ಒಂದೇ ದರಕ್ಕೆ ತನ್ನಿ.

ಕರೆಂಟು ಹೋದಾಗ ರೀಸ್ಟಾರ್ಟ್

ಇನ್ವರ್ಟರ್ ಇದೆ, ಬಲ್ಬ್ ಮಿಣುಕುವುದೂ ಇಲ್ಲ, ಕಂಪ್ಯೂಟರ್ ಮಾತ್ರ ಆರಿ ಹೊತ್ತುತ್ತದೆ. ಮೇಜಿನ ಕಂಪ್ಯೂಟರಿನ ಎಟಿಎಕ್ಸ್ ಎಸ್‌ಎಂಪಿಎಸ್ ಪೂರ್ತಿ ಹೊರೆಯಲ್ಲಿ ಕರೆಂಟಿಲ್ಲದೆ ತಡೆಯುವುದು 16–17 ಮಿಲಿಸೆಕೆಂಡ್ ಮಾತ್ರ. ಇನ್ವರ್ಟರ್ ಹಿಂದುಗಡೆ ಒಂದು ಸ್ವಿಚ್ ಇರುತ್ತದೆ. ಅದು ಸಾದಾ ಮೋಡಿನಲ್ಲಿದ್ದರೆ ಬದಲಾವಣೆಗೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಯುಪಿಎಸ್ ಮೋಡಿಗೆ ಹಾಕಿದರೆ ಅಷ್ಟರೊಳಗೆ ಮುಗಿಯುತ್ತದೆ.

ತೊಡಕು ಇಲ್ಲೇ ಇದೆ. ಯುಪಿಎಸ್ ಮೋಡಿನಲ್ಲಿ ವೋಲ್ಟೇಜ್ 180ರ ಆಸುಪಾಸಿಗೆ ಇಳಿದರೆ ಇನ್ವರ್ಟರ್ ಬ್ಯಾಟರಿಗೆ ಹೊರಳುತ್ತದೆ. ಸುತ್ತಲ ತೋಟದ ಪಂಪ್‌ಸೆಟ್‌ಗಳೆಲ್ಲ ಓಡುವ ಹೊತ್ತಿಗೆ ಕಡೇ ಮನೆಗಳಲ್ಲಿ 170ಕ್ಕೆ ಇಳಿಯುವುದು ಅಪರೂಪವಲ್ಲ. ಕರೆಂಟು ಇದ್ದೂ ಬ್ಯಾಟರಿ ಖಾಲಿ. ಹಾಗಾಗಿ ನಾನು ಹೇಳುವುದು: ಮನೆಯ ಇನ್ವರ್ಟರ್ ಸಾದಾ ಮೋಡಿನಲ್ಲೇ ಇರಲಿ, ಕಂಪ್ಯೂಟರ್ ಮತ್ತು ಇಂಟರ್‌ಫೇಸಿಗೆ ಮಾತ್ರ ಬೇರೆ ಚಿಕ್ಕ ಯುಪಿಎಸ್ ಇಡಿ, ಮತ್ತು 100–240 ವೋಲ್ಟ್ ಎಂದು ಬರೆದ, ಆಕ್ಟಿವ್ ಪಿಎಫ್‌ಸಿ (ವೋಲ್ಟೇಜ್ ಇಳಿದರೂ ನಡೆಸುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್ ಹಾಕಿ. ಒಂದು ಷರತ್ತು, ಇನ್ವರ್ಟರ್ ಸೈನ್ ವೇವ್ (ಲೈನಿನ ಕರೆಂಟಿನಂಥದೇ ನಯವಾದ ಅಲೆ) ಆಗಿರಬೇಕು. ಸ್ಕ್ವೇರ್ ವೇವ್ ಇನ್ವರ್ಟರಿನ ಕರೆಂಟನ್ನು ಅನೇಕ ಯುಪಿಎಸ್‌ಗಳು ಒಪ್ಪದೆ ಟಕಟಕ ಬದಲಾಗುತ್ತಿರುತ್ತವೆ. ಸ್ಪೀಕರಿನಲ್ಲಿ ಒರಟು ಝೇಂಕಾರ ಎದ್ದು, ಕರೆಂಟು ಬಂದ ಕೂಡಲೇ ಅದು ನಿಂತರೆ ನಿಮ್ಮದು ಸ್ಕ್ವೇರ್ ವೇವ್ ಎಂದೇ ತಿಳಿಯಿರಿ.

ಏಪ್ರಿಲ್–ಮೇ ಗುಡುಗಿಗೆ ಯಾವ ಯುಪಿಎಸ್ಸೂ ಕಾವಲಲ್ಲ. ದೂರದಲ್ಲಿ ಗುಡುಗಿದಾಗಲೇ ಪ್ಲಗ್ ಕೀಳಿ, ಜತೆಗೆ ಇಂಟರ್ನೆಟ್ಟಿನ ತಂತಿಯನ್ನೂ.

ಇಷ್ಟಾದರೂ ಸಿಗಲಿಲ್ಲ ಎಂದರೆ

ಶಿವಮೊಗ್ಗದ ಅಂಗಡಿಗೆ ತರುವುದಾದರೆ ಕ್ಯಾಬಿನೆಟ್ ಒಂದನ್ನೇ ತರಬೇಡಿ. ಮೈಕ್, ಇಂಟರ್‌ಫೇಸ್, ಸ್ಪೀಕರ್, ಅವೇ ಕೇಬಲ್, ಅದೇ ಎಕ್ಸ್‌ಟೆನ್ಶನ್ ಬೋರ್ಡ್, ಆ ಎರಡು ರೆಕಾರ್ಡಿಂಗ್ ಇರುವ ಪೆನ್‌ಡ್ರೈವ್ ಎಲ್ಲ ಬರಲಿ. ಅಂಗಡಿಯಲ್ಲಿ ಜೋಡಿಸಿದಾಗ ಸದ್ದೇ ಇಲ್ಲವಾದರೆ ಹೊಸದೇನೂ ಕೊಳ್ಳದೆ ಹಾಗೇ ವಾಪಸು ಒಯ್ಯಿರಿ. ಊರಿನಲ್ಲಿ ಬೇರೆ ಟ್ರಾನ್ಸ್‌ಫಾರ್ಮರಿನ ಲೈನಿನಲ್ಲಿರುವ ನೆಂಟರ ಮನೆಯಲ್ಲಿ ಒಂದು ಸಂಜೆ ಇಟ್ಟು ನೋಡಿ. ಅಲ್ಲೂ ಸುಮ್ಮನಿದ್ದರೆ ಎಲೆಕ್ಟ್ರಿಷಿಯನ್ನರಿಗೆ ಫೋನ್ ಮಾಡಿ. ಅವರು ಬರುವ ಹೊತ್ತಿಗೆ ಮೇನ್ ಬೋರ್ಡಿನ ಎದುರಿಗಿರುವ ಸಾಮಾನೆಲ್ಲ ಸರಿಸಿ, ಅರ್ಥ್ ಗುಂಡಿ ಎಲ್ಲಿದೆ ಎಂದು ಮನೆಯ ಹಿರಿಯರನ್ನು ಕೇಳಿಟ್ಟುಕೊಂಡಿರಿ.